ಗಿರಣಿ ಗೇಟಿನ ಹತ್ತು ನಿಮಿಷ ಕಿತ್ತುಹಾಕಿದ ಬಡೇಸಾಬರು

ಬೆಳಗಿನ ಐದೂ ನಲವತ್ತು. ಹರಿಹರ ರಸ್ತೆಯ ನೂಲಿನ ಗಿರಣಿಯ ಟೈಮ್ ಆಫೀಸಿನಲ್ಲಿ ಬಡೇಸಾಬರು ಕುರ್ಚಿಯಲ್ಲಿ ಕೂತಿಲ್ಲ. ಕುರ್ಚಿ ಇದೆ. ತಿರುಗುವ ಕುರ್ಚಿ, ಕಂಪ್ಯೂಟರಿನ ಜತೆಗೇ ಬೆಂಗಳೂರಿನಿಂದ ಬಂದದ್ದು. ಎರಡು ವರ್ಷದಲ್ಲಿ ಅದು ಇವರ ಭಾರ ಹೊತ್ತ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ಸಿನಿಮಾ ನೋಡಿ ಮುಗಿಸುವಷ್ಟು ಆಗಲಿಕ್ಕಿಲ್ಲ. ಕಿಟಕಿಯ ಹತ್ತಿರ ಹೋಗುತ್ತಾರೆ, ಬಿಲ್ಲೆಗಳ ಹಲಗೆಯ ಹತ್ತಿರ ಹೋಗುತ್ತಾರೆ, ಪ್ರಿಂಟರಿನ ಕಾಗದದ ಅಂಚಿನ ತೂತುಗಳು ಹಲ್ಲುಗಳಿಗೆ ಸರಿಯಾಗಿ ಕೂತಿವೆಯೇ ಎಂದು ಮೂರನೆಯ ಸಲ ಬಗ್ಗಿ ನೋಡುತ್ತಾರೆ. ಮತ್ತೆ ಕಿಟಕಿ.

ಕಿಟಕಿಯ ಆಚೆ ಗೇಟು. ಗೇಟಿನ ಆಚೆ ಡಿಸೆಂಬರಿನ ಮಂಜಿನಲ್ಲಿ ಮಫ್ಲರು, ಕಂಬಳಿ, ಸೆರಗು ಹೊದ್ದ ಐವತ್ತು ಜನ. ಇವರಿಗೆ ಬದಲಿಗಳು ಎಂದು ಹೆಸರು. ಕಾಯಂ ಕಾರ್ಮಿಕರು ಯಾರು ಬರಲಿಲ್ಲವೋ ಅವರ ಜಾಗಕ್ಕೆ ಆ ದಿನದ ಮಟ್ಟಿಗೆ ಒಳಗೆ ಹೋಗುವವರು. ಕಸ ಗುಡಿಸುವುದರಿಂದ ಹಿಡಿದು ನೂಲು ಸುತ್ತುವ ವೈಂಡಿಂಗ್‌ವರೆಗೆ ಯಾವ ಖಾತೆಗೆ ಹಾಕಿದರೂ ಸರಿ ಎನ್ನುವವರು. ಏಳಕ್ಕೆ ಮೊದಲ ಪಾಳಿಯ ಸೈರನ್ನಿನ ಕೂಗು. ಕಾಯಂ ಜನ ಒಳಗೆ ಬರುವಾಗ ಹಲಗೆಯಿಂದ ತಮ್ಮ ತಮ್ಮ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗುತ್ತಾರೆ. ಆರೂ ಮೂವತ್ತೈದಕ್ಕೆ ಹಲಗೆಯಲ್ಲಿ ಎಷ್ಟು ಬಿಲ್ಲೆ ಉಳಿದವೋ ಅಷ್ಟು ಜನ ಗೈರು, ಅಷ್ಟು ಬದಲಿಗಳಿಗೆ ಅವತ್ತು ಕೆಲಸ. ಉಳಿದ ಬಿಲ್ಲೆಗಳ ನಂಬರನ್ನು ಕಂಪ್ಯೂಟರಿಗೆ ಹೊಡೆಯುವವರು, ಬರುವ ಪಟ್ಟಿಯನ್ನು ಹಿಡಿದು ಗೇಟಿನಲ್ಲಿ ಹೆಸರು ಕೂಗುವವರು ಬಡೇಸಾಬರು.

ಇವತ್ತು ಅವರ ಕಾಲು ಒಂದು ಕಡೆ ನಿಲ್ಲದಿರುವುದಕ್ಕೆ ಕಾರಣ ಚಳಿಯಲ್ಲ. ಇವತ್ತು ಶನಿವಾರ, 1988ರ ಡಿಸೆಂಬರ್ ಮೂವತ್ತೊಂದು. ಈ ಗಿರಣಿಯ ಒಪ್ಪಂದದ ಪ್ರಕಾರ ವರ್ಷದಲ್ಲಿ ಇನ್ನೂರ ನಲವತ್ತು ದಿನ ತುಂಬಿಸಿದ ಬದಲಿಯನ್ನು ಕಾಯಂ ಮಾಡಬೇಕು. ತುಂಬದಿದ್ದರೆ ಜನವರಿ ಒಂದಕ್ಕೆ ಲೆಕ್ಕ ಮತ್ತೆ ಸೊನ್ನೆಯಿಂದ. ಗೇಟಿನಾಚೆ ಕಂಬದ ಪಕ್ಕ ನಿಂತಿರುವ ಪುಟ್ಟಕ್ಕನ ದಿನಗಳು ಇನ್ನೂರ ಮೂವತ್ತೊಂಬತ್ತು. ಬಡೇಸಾಬರ ಕೆಲಸದಲ್ಲಿ ಆದ ಒಂದು ತಪ್ಪು ಇಲ್ಲದಿದ್ದರೆ ಅವು ನಿನ್ನೆಗೇ ಇನ್ನೂರ ನಲವತ್ತು ಆಗಿರುತ್ತಿದ್ದವು.

"ಅಕಿ ನನ್ನ ಕಡೆ ನೋಡಲ್ರಿ ಈಗೀಗ," ಎನ್ನುತ್ತಾರೆ ಕಿಟಕಿಯಿಂದ ಈಚೆ ಬಂದು. "ಬೈದ್ರೆ ವಾಸಿ ಇತ್ತು."

ಬಡೇಸಾಬರಿಗೆ ನಲವತ್ನಾಲ್ಕು. ಊರು ಬಾತಿ, ಗಿರಣಿಗೆ ಬರುವುದು ಸೈಕಲ್ಲಿನಲ್ಲಿ. ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು. ದಾವಣಗೆರೆಯ ಕೆ.ಬಿ. ಬಡಾವಣೆಯ ಅನೇಕ ದೊಡ್ಡ ಮನೆಗಳ ನಿದ್ದೆ ತಮ್ಮಪ್ಪನ ಕೈಯದು ಎಂದು ಮಗ ಹೇಳಿಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದ ಈ ಮಗ ಎಪ್ಪತ್ನಾಲ್ಕರಲ್ಲಿ ಇದೇ ಗೇಟಿನಾಚೆ ಬದಲಿಯಾಗಿ ನಿಂತರು. ಆಗ ಕಂಪ್ಯೂಟರು ಇರಲಿಲ್ಲ, ಜಾಬರು ಇದ್ದ. ಜಾಬರು ಎಂದರೆ ಕೆಲಸಗಾರರ ಮೇಲಿನ ಮೇಸ್ತ್ರಿ. ಬೆಳಿಗ್ಗೆ ಬಂದು ಗುಂಪಿನ ಮೇಲೆ ಕಣ್ಣಾಡಿಸಿ, ನೀನು, ನೀನು, ನೀನು ಎಂದು ಬೆರಳು ತೋರಿಸುತ್ತಿದ್ದ. ಆ ಬೆರಳಿಗೂ ಹಿಂದಿನ ಸಂಜೆ ಜಾಬರನ ಮನೆಯ ಹಿತ್ತಲು ಸೇರುತ್ತಿದ್ದ ಕೋಳಿಗಳಿಗೂ ಸಂಬಂಧವಿದೆಯೆಂದು ಎಲ್ಲರೂ ಬಲ್ಲರು. ಆರು ವರ್ಷ ಬಡೇಸಾಬರ ಕಡೆ ಬೆರಳು ತಿರುಗಿದ್ದು ಅಪರೂಪ.

ಆಮೇಲೆ ಹೇಗೆ ತಿರುಗಿತೆಂದು ಕೇಳಿದರೆ ಅವರು ಹಲಗೆಯ ಮೇಲಿನ ಒಂದು ಬಿಲ್ಲೆಯನ್ನು ನೆಟ್ಟಗೆ ಮಾಡುತ್ತಾರೆ. ಅದು ನೆಟ್ಟಗೇ ಇತ್ತು.

"ನಮ್ಮಪ್ಪ ಅವಂಗೆ ಒಂದು ಗಾದಿ ಹೊಲಿದುಕೊಟ್ಟ ರಿ. ಡಬಲ್ ಗಾದಿ, ಒಳ್ಳೆ ಹತ್ತೀದು. ಮುಂದಿನ ಸೋಮವಾರದಿಂದ ನನಗ ಕೆಲಸ. ಕೋಳಿ ಕೊಟ್ಟೋರನ್ನ ನಾನು ಬೈಯಲ್ಲ. ಕೋಳಿ ಒಂದಿನಕ್ಕ ಮುಗೀತೈತೆ. ನಮ್ಮ ಗಾದಿ ಮೇಲೆ ಅವ ಇವತ್ತಿಗೂ ಮಲಗ್ತಾನ."

ಎಂಬತ್ತರಲ್ಲಿ ಇವರ ದುಂಡಗಿನ ಕೈಬರಹ ಯಾರದೋ ಕಣ್ಣಿಗೆ ಬಿದ್ದು ಟೈಮ್ ಆಫೀಸಿಗೆ ಗುಮಾಸ್ತರಾದರು. ಕೆಲಸ, ಜಾಬರು ಹೇಳಿದ ಹೆಸರುಗಳನ್ನು ಗೇಟಿನ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಆರು ವರ್ಷ ಬರೆದರು. ಅಕ್ಷರ ಮುತ್ತಿನಂತಿರುತ್ತಿತ್ತು ಎಂದು ಹಳಬರು ನೆನೆಯುತ್ತಾರೆ. ಹೆಸರುಗಳು ಮಾತ್ರ ದಿನಾ ಅವೇ ಇರುತ್ತಿದ್ದವು ಎಂದೂ ಸೇರಿಸುತ್ತಾರೆ.

ಎಂಬತ್ತಾರರಲ್ಲಿ ಕಂಪ್ಯೂಟರು ಬಂತು. ಟೈಮ್ ಆಫೀಸರ್ ಶಿವಮೂರ್ತಪ್ಪನವರು ತೆಂಗಿನಕಾಯಿ ಒಡೆದು, ಪರದೆಯ ಗಾಜಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಒರೆಸಲು ಯಾರಿಗೂ ಧೈರ್ಯ ಬರದೆ ಆರು ತಿಂಗಳು ಅಂಕಿಗಳು ವಿಭೂತಿಯ ಸಂದಿಯಿಂದಲೇ ಇಣುಕಿದವು. ಆ ಕೋಣೆಗೆ ಹೋಗುವವರು ಇಂದಿಗೂ ಚಪ್ಪಲಿ ಬಿಟ್ಟು ಹೋಗಬೇಕು. ಬೆಂಗಳೂರಿನ ಎಂಜಿನಿಯರು ಹತ್ತು ದಿನ ಇದ್ದು ಎರಡು ಪ್ರೋಗ್ರಾಮು ಹಾಕಿಕೊಟ್ಟು ಹೋದ. ಒಂದು ಹಾಜರಿಯದು. ಇನ್ನೊಂದು, ಯಾರು ಎಷ್ಟು ದಿನದಿಂದ ಕಾಯುತ್ತಿದ್ದಾರೆಂದು ನೋಡಿ ಬದಲಿಗಳನ್ನು ಸರದಿಯಲ್ಲಿ ಕರೆಯುವ ಪಟ್ಟಿಯದು. ಇವತ್ತು ಕೆಲಸ ಸಿಕ್ಕವರು ಸಾಲಿನ ಹಿಂದಕ್ಕೆ, ಸಿಗದವರು ನಾಳೆ ಮುಂದಕ್ಕೆ. ಕೋಳಿಗಳಿಗೆ ಒಳ್ಳೆಯ ದಿನ ಬಂತು ಎಂದು ಎಲ್ಲರೂ ಅಂದುಕೊಂಡರು.

ಬರಲಿಲ್ಲ. ಹಾಜರಿಯ ಪ್ರೋಗ್ರಾಮು ಮುಚ್ಚಿದ ಮೇಲೆ, ಪಟ್ಟಿ ತೆಗೆ ಎಂದು ಬೇರೆಯಾಗಿ ಹೇಳಬೇಕಿತ್ತು. ಇದಕ್ಕೂ ಅದಕ್ಕೂ ನಡುವೆ ಹತ್ತು ನಿಮಿಷ. ಎಷ್ಟು ಜನ ಗೈರು ಎಂಬುದು ಗೊತ್ತಾಗಿರುತ್ತಿತ್ತು, ಯಾರು ಒಳಕ್ಕೆ ಎಂಬುದು ಇನ್ನೂ ಆಗಿರುತ್ತಿರಲಿಲ್ಲ. ಜಾಬರು ಸರಿಯಾಗಿ ಆ ಹೊತ್ತಿಗೆ, ಚಪ್ಪಲಿ ಬಿಟ್ಟು ಬಲು ಭಕ್ತಿಯಿಂದ, ಬೀಡಿಕಟ್ಟಿನ ಕಾಗದದ ಮೇಲೆ ಎರಡು ಹೆಸರು ಬರೆದುಕೊಂಡು ಒಳಗೆ ಬರುತ್ತಿದ್ದ. ಬಡೇಸಾಬರು ಆ ಹೆಸರುಗಳನ್ನು ಸಾಲಿನ ಮೊದಲಿಗೆ ಏರಿಸುತ್ತಿದ್ದರು. ಸೀಮೆಸುಣ್ಣ ಹೋಗಿ ಕೀಲಿಮಣೆ ಬಂದಿತ್ತು, ಅಷ್ಟೆ.

ಎಂಜಿನಿಯರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕವೊಂದು ಬೀರುವಿನಲ್ಲಿತ್ತು. ಬಡೇಸಾಬರು ಅದನ್ನು ಬಾತಿಗೆ ಒಯ್ದು, ಮಗಳು ಮಾಸೂಮಾಳ ಹೈಸ್ಕೂಲು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಐದು ತಿಂಗಳು ಓದಿದರು. ದಿನಕ್ಕೆ ಒಂದು ಪುಟ, ಭಾನುವಾರ ಎರಡು. ನೂರಾ ಹನ್ನೊಂದನೆಯ ಪುಟದಲ್ಲಿ ಬೇಕಾದ್ದು ಸಿಕ್ಕಿತು. ಒಂದು ಫೈಲಿನಲ್ಲಿ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ಯಂತ್ರ ಮೊದಲ ಸಾಲಿನ ಪ್ರೋಗ್ರಾಮನ್ನು ತೆರೆಯುತ್ತದೆ. ಅದು ಮುಚ್ಚುವವರೆಗೂ ಸುಮ್ಮನಿರುತ್ತದೆ. ಮುಚ್ಚಿದ ಕೂಡಲೇ, ಯಾರನ್ನೂ ಕೇಳದೆ, ಎರಡನೆಯ ಸಾಲಿಗೆ ಇಳಿಯುತ್ತದೆ. ಪುಸ್ತಕದಲ್ಲಿ ಇದಕ್ಕೆ ಬ್ಯಾಚ್ ಫೈಲು ಎಂದಿದೆ. ಬಡೇಸಾಬರು ಬಾಲ ಎನ್ನುತ್ತಾರೆ.

"ಪ್ರೋಗ್ರಾಮಿಗೆ ಬಾಲ ಕಟ್ಟಿದೆ ನೋಡ್ರಿ. ಹಾಜರಿ ಮುಚ್ಚಿತು ಅಂದ್ರೆ ಬಾಲ ಅಲ್ಲಾಡ್ತೈತೆ. ಪಟ್ಟಿ ತಾನೇ ಬರ್ತೈತೆ, ಕೆಲಸ ಸಿಕ್ಕೋರು ತಾವೇ ಹಿಂದಕ್ಕ ಹೋಗ್ತಾರ, ಒಂದು ನಕಲು ಫ್ಲಾಪಿಗೆ ಹೋಗ್ತೈತೆ. ನಾನೂ ನಡುವೆ ಬರಂಗಿಲ್ಲ."

ಬಾಲ ಕಟ್ಟಿದ ಮೊದಲ ಬೆಳಿಗ್ಗೆ ಜಾಬರು ಬೀಡಿಕಟ್ಟಿನ ಕಾಗದ ಚಾಚಿದಾಗ ಪ್ರಿಂಟರು ಕೊನೆಯ ಹೆಸರು ಹೊಡೆಯುತ್ತಿತ್ತಂತೆ. ಆಗಲೇ ಬಂದುಬಿಟ್ಟಿತಲ್ಲ ಅಣ್ಣಾ, ಎಂದು ಬಡೇಸಾಬರು ಯಂತ್ರದ ಕಡೆ ಕೈ ತೋರಿಸಿದರು. ಒಂದು ವಾರ ಜಾಬರು ಬೇಗ ಬೇಗ ಬಂದು ನೋಡಿದ. ಬೇಗ ಬಂದರೆ ಎಷ್ಟು ಜನ ಗೈರೆಂದು ಇನ್ನೂ ಗೊತ್ತಿರುತ್ತಿರಲಿಲ್ಲ. ತಡವಾಗಿ ಬಂದರೆ ಪಟ್ಟಿ ಬಂದಿರುತ್ತಿತ್ತು. ನಡುವಿನ ಹೊತ್ತು ಎಲ್ಲಿ ಹೋಯಿತೆಂದು ಆತನಿಗೆ ಕೊನೆಗೂ ತಿಳಿಯಲಿಲ್ಲ.

ಈಗ ಗಿರಣಿಯ ಕಂಪ್ಯೂಟರಿನಲ್ಲಿ ಇಂಥ ನಾಲ್ಕು ಬಾಲಗಳಿವೆ. ಹತ್ತಿ ಅಂಡಿಗೆಗಳ, ಎಂದರೆ ಬೇಲುಗಳ, ಪ್ರೋಗ್ರಾಮು ಮುಚ್ಚಿದರೆ ಲಾರಿಯವರ ಗೇಟ್ ಪಾಸು ಹೊರಬೀಳುತ್ತದೆ. ಕಾಗದಪತ್ರ ಟೈಪು ಮಾಡುವುದನ್ನು ಮುಚ್ಚಿದರೆ ನಕಲು ತಾನೇ ಆಗುತ್ತದೆ. ಅತಿ ಉದ್ದದ ಬಾಲ ಹನ್ನೊಂದು ಸಾಲು. ದಿನಕ್ಕೆ ಸುಮಾರು ಇಪ್ಪತ್ತಾರು ಸಲ ಏನಾದರೊಂದು ಮುಚ್ಚುತ್ತದೆ, ಅಷ್ಟು ಸಲವೂ ಇವರು ಕೂತಲ್ಲಿಂದ ಏಳುತ್ತಾರೆ. ಕೂತಿದ್ದರೆ. ಅವರ ದೊಡ್ಡ ಭಯ ಕರೆಂಟು. ಕರೆಂಟು ಹೋದಾಗ ಪ್ರೋಗ್ರಾಮು ಮುಚ್ಚುವುದಿಲ್ಲವಲ್ಲ, ಬಾಲಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. "ಮುಚ್ಚೋದು ಬ್ಯಾರೆ, ಸಾಯೋದು ಬ್ಯಾರೆ ರಿ," ಎನ್ನುತ್ತಾರೆ. ವಾರಕ್ಕೆ ಮೂರು ಸಲ ಸಾಯುತ್ತದೆ. ಇವರು ಮತ್ತೆ ಮೊದಲಿನಿಂದ ನಂಬರು ಹೊಡೆಯುತ್ತಾರೆ.

ಆದರೆ ಈ ತಿಂಗಳ ಹದಿಮೂರರ ಮಂಗಳವಾರ ಕೈಕೊಟ್ಟದ್ದು ಕರೆಂಟಲ್ಲ.

ರಜೆಯ ಚೀಟಿ ಮೊದಲೇ ಕೊಟ್ಟಿದ್ದ ಇಪ್ಪತ್ತೆರಡು ಜನರ ನಂಬರನ್ನು ಬಡೇಸಾಬರು ಅವತ್ತು ಆರೂ ಹತ್ತಕ್ಕೆ ಹೊಡೆದು, ಪ್ರೋಗ್ರಾಮನ್ನು ತೆರೆದೇ ಬಿಟ್ಟು, ಬದಲಿಗಳು ಎಷ್ಟು ಜನ ಬಂದಿದ್ದಾರೆಂದು ನೋಡಲು ಗೇಟಿನ ಕಡೆ ಹೋಗಿದ್ದಾರೆ. ಆ ಹೊತ್ತಿಗೆ ಶಿವಮೂರ್ತಪ್ಪನವರು ಬಂದಿದ್ದಾರೆ. ತಮ್ಮ ನಾದಿನಿಯ ಗಂಡನ ರಜೆ ಎಷ್ಟು ಉಳಿದಿದೆ ಎಂದು ನೋಡುವುದಿತ್ತು. ನೋಡಿದ್ದಾರೆ. ಮನೆಯಲ್ಲಿ ದೀಪ ಆರಿಸಿ ಹೊರಡುವ ಶಿಸ್ತಿನ ಮನುಷ್ಯ. ಪ್ರೋಗ್ರಾಮನ್ನೂ ಅಚ್ಚುಕಟ್ಟಾಗಿ ಮುಚ್ಚಿದ್ದಾರೆ. ಬಾಲ ಅಲ್ಲಾಡಿತು. ಪ್ರಿಂಟರು ಗರಗರ ಎಂದು ಇಪ್ಪತ್ತೆರಡು ಹೆಸರು ಹೊಡೆಯಿತು. ಸಾಲಿನ ಮೊದಲ ಇಪ್ಪತ್ತೆರಡು ಜನ, ಕೆಲಸ ಸಿಕ್ಕಿತೆಂಬ ಲೆಕ್ಕದಲ್ಲಿ, ಹಿಂದಕ್ಕೆ ಹೋದರು. ಯಂತ್ರಕ್ಕೆ ಏನೋ ಆಗಿದೆ ಎಂದುಕೊಂಡು ಶಿವಮೂರ್ತಪ್ಪನವರು ಆ ಕಾಗದ ಮುದ್ದೆ ಮಾಡಿ ಬುಟ್ಟಿಗೆ ಹಾಕಿ ಹೋದರು.

ಬಡೇಸಾಬರು ಬಂದು ಮುಚ್ಚಿದ ಪ್ರೋಗ್ರಾಮನ್ನು ಕಂಡು, ಕರೆಂಟು ಹೋಗಿ ಬಂದಿರಬೇಕೆಂದುಕೊಂಡು ಮತ್ತೆ ತೆರೆದರು. ಆ ಇಪ್ಪತ್ತೆರಡನ್ನು ಮತ್ತೆ ಮೊದಲಿನಿಂದ, ಜತೆಗೆ ಉಳಿದ ಹದಿನಾರು ನಂಬರನ್ನೂ ಹೊಡೆದು ಮುಚ್ಚಿದರು. ಮೂವತ್ತೆಂಟು ಹೆಸರಿನ ಪಟ್ಟಿ ಬಂತು, ಮೊದಲು ಸಾಲಿನಲ್ಲಿ ಉಳಿದಿದ್ದ ಇಪ್ಪತ್ತೆಂಟು ಜನ, ಆಮೇಲೆ ಹಿಂದಕ್ಕೆ ಹೋದವರಲ್ಲಿ ಬರೀ ಹತ್ತು. ಗೇಟಿನಲ್ಲಿ ನಿಂತು ಓದಿ ಮುಗಿಸಿದಾಗ, ಅವತ್ತು ಖಂಡಿತ ಒಳಗೆ ಹೋಗಬೇಕಿದ್ದ ಹನ್ನೆರಡು ಜನ ಹೊರಗಿದ್ದರು. ಊಟದ ಡಬ್ಬಿಯನ್ನೂ ತರದೆ ಸುಮ್ಮನೆ ಬಂದು ನಿಂತಿದ್ದ ಹನ್ನೆರಡು ಜನ ಒಳಗಿದ್ದರು. ಏಳರ ಕೂಗಾಯಿತು. ಇನ್ನು ಬದಲಿಸುವಂತಿಲ್ಲ.

ಬದಲಿಗಳಿಗೆ ಸಾಲು ಬಾಯಿಪಾಠ. ತನ್ನ ಮುಂದೆ ಯಾರು, ಹಿಂದೆ ಯಾರು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಹದಿನಾಲ್ಕನೆಯವಳಾದ ಪುಟ್ಟಕ್ಕ ಗೇಟಿನ ಸರಳು ಹಿಡಿದು ಕೇಳಿದ್ದು ಇಷ್ಟೇ.

"ಸಾಬ್ರೇ, ನಿಮ್ಮ ಪೆಟ್ಟಿಗೆ ಕೋಳಿ ತಿನ್ನಲ್ಲ ಅಂದಿದ್ರಿ. ಇವತ್ತು ಯಾರ ಮನೇದು ತಿಂತು?"

ಪುಟ್ಟಕ್ಕ ಹರಿಹರದಿಂದ ಬರುವವಳು. ಏಳು ವರ್ಷದ ಬದಲಿ. ಹಿಂದಿನ ವರ್ಷ ಇನ್ನೂರ ಮೂವತ್ತಾರಕ್ಕೆ ನಿಂತಿತ್ತು, ಅದರ ಹಿಂದಿನ ವರ್ಷ ಇನ್ನೂರ ಮೂವತ್ತೊಂದಕ್ಕೆ. ಗಂಡ ಇಲ್ಲ. ಕಾಯಂ ಆದರೆ ಗೇಟಿನಲ್ಲಿ ನಿಲ್ಲುವುದು ತಪ್ಪುತ್ತದೆ. ಅದನ್ನು ಬಿಟ್ಟು ಬೇರೆ ಕಾರಣ ಅವಳು ಹೇಳುವುದಿಲ್ಲ, ಬೇಕಾಗಿಯೂ ಇಲ್ಲ.

ಮಧ್ಯಾಹ್ನ ಬುಟ್ಟಿಯ ಕಾಗದ ಬಡೇಸಾಬರ ಕೈಗೆ ಸಿಕ್ಕಿತು. ಅದರ ಮೇಲೆ ಬೆಳಗಿನ ಆರೂ ಹದಿನೈದು ಎಂದು ಗಂಟೆಯೂ ಅಚ್ಚಾಗಿತ್ತು. ಶಿವಮೂರ್ತಪ್ಪನವರ ಮುಂದೆ ಹಿಡಿದಾಗ ಅವರು ಒಪ್ಪಿಕೊಂಡರು, ಜತೆಗೆ ಒಂದು ಪ್ರಶ್ನೆಯನ್ನೂ ಕೇಳಿದರು. ಮುಚ್ಚಿದ್ದು ತಪ್ಪೋ, ತೆರೆದಿಟ್ಟು ಹೋಗಿದ್ದು ತಪ್ಪೋ? ಮರುದಿನ ಬೆಳಿಗ್ಗೆ ಬಡೇಸಾಬರು ಆ ಸುಕ್ಕು ಕಾಗದವನ್ನು ಗೇಟಿನಲ್ಲಿ ಎಲ್ಲರೆದುರು ಬಿಡಿಸಿ ತೋರಿಸಿದರು, ಸಾಹೇಬರ ಹೆಸರು ಎತ್ತಲಿಲ್ಲ.

"ಬಾಲ ಕಟ್ಟಿದೋನು ನಾನು," ಎಂದರು. "ಯಾರು ಮುಚ್ಚಿದ್ರೂ ಅಲ್ಲಾಡ್ತೈತೆ ಅನ್ನೋದು ನನಗ ಹೊಳೀಲಿಲ್ಲ."

ಆ ವಾರವೇ ಅವರು ಹಾಜರಿಗೆ ಎರಡು ಬಾಗಿಲು ಮಾಡಿದರು. 'ನೋಡು' ಎಂದು ಹೊಡೆದು ತೆರೆದರೆ ಅದೇ ಪ್ರೋಗ್ರಾಮು, ಆದರೆ ಬಾಲವಿಲ್ಲ. ಎಷ್ಟು ಸಲ ಮುಚ್ಚಿದರೂ ಏನೂ ಆಗದು. 'ಪಾಳಿ' ಎಂದು ಹೊಡೆದು ತೆರೆದರೆ ಮಾತ್ರ ಬಾಲ. ಶಿವಮೂರ್ತಪ್ಪನವರಿಗೆ 'ನೋಡು' ಒಂದನ್ನು ಕಲಿಸಿಕೊಟ್ಟರು. ಅವರು ಈಗ ದಿನಕ್ಕೆ ನಾಲ್ಕು ಸಲ ನೋಡುತ್ತಾರೆ, ಮುಚ್ಚುತ್ತಾರೆ, ಯಂತ್ರ ಸುಧಾರಿಸಿದೆ ಎನ್ನುತ್ತಾರೆ. ಹೋದ ಒಂದು ದಿನವನ್ನು ಪುಟ್ಟಕ್ಕನಿಗೆ ವಾಪಸು ಕೊಡುವ ಬಾಗಿಲು ಮಾತ್ರ ಪುಸ್ತಕದ ಯಾವ ಪುಟದಲ್ಲೂ ಸಿಗಲಿಲ್ಲ.

ನಿನ್ನೆ ಶುಕ್ರವಾರ ಅವಳದು ಇನ್ನೂರ ಮೂವತ್ತೊಂಬತ್ತು ಆಯಿತು. ಸಾಲಿನಲ್ಲಿ ಇವತ್ತು ಅವಳು ಮೂವತ್ಮೂರನೆಯವಳು. ಬೇರೆ ತಿಂಗಳಾದರೆ ಚಿಂತೆಯಿರಲಿಲ್ಲ, ದಿನಾ ಮೂವತ್ತೆಂಟು, ನಲವತ್ತು ಜನ ಗೈರು. ಆದರೆ ವರ್ಷದ ಕೊನೆಗೆ ಕಾಯಂ ಜನರೂ ತಮ್ಮ ತಮ್ಮ ಹಾಜರಿ ತುಂಬಿಸಲು ಜ್ವರ ಬಂದರೂ ಬರುತ್ತಾರೆ. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಹೆಂಡತಿ ಖತೀಜಾಬೀ, ಒಂದು ಹೆಸರು ಮೇಲಕ್ಕೆ ಏರಿಸಿದರೆ ಪೆಟ್ಟಿಗೆ ಅಳುತ್ತದೆಯೇ ಎಂದು ಕೇಳಿದ್ದಾರೆ. ಬಾತಿಯಿಂದ ಗಿರಣಿಯವರೆಗೂ ಸೈಕಲ್ಲಿನ ಮೇಲೆ ಅದೇ ಯೋಚನೆ.

"ಏರಿಸಬಹುದು ರಿ. ಎರಡು ನಿಮಿಷದ ಕೆಲಸ. ಆದ್ರೆ ಇವತ್ತು ನಾನು ಏರಿಸಿದ್ರೆ ನಾಳೆ ಜಾಬರು ಚೀಟಿ ತಂದಾಗ ಏನಂತ ಹೇಳ್ಲಿ? ಅವಂದು ಕೋಳಿ, ನಂದು ನ್ಯಾಯ ಅಂತನಾ? ನ್ಯಾಯನೇ ಇರಬಹುದು. ಗೇಟ್‌ನಾಗ ನಿಂತೋರಿಗೆ ಎರಡೂ ಒಂದೇ ಥರ ಕಾಣ್ತೈತೆ."

ಆರೂ ಮೂವತ್ತೈದು. ಹಲಗೆಯಲ್ಲಿ ಉಳಿದ ಬಿಲ್ಲೆಗಳನ್ನು ಎಣಿಸುತ್ತಾರೆ. ಎರಡನೆಯ ಸಲ ಎಣಿಸುತ್ತಾರೆ, ಈ ಸಲ ಒಂದೊಂದನ್ನೂ ಬೆರಳಿನಿಂದ ಮುಟ್ಟಿ. ಇಪ್ಪತ್ತೊಂಬತ್ತು. 'ಪಾಳಿ' ಎಂದು ಹೊಡೆದು ತೆರೆಯುತ್ತಾರೆ, ನಿಂತುಕೊಂಡೇ ಇಪ್ಪತ್ತೊಂಬತ್ತು ನಂಬರು ಹೊಡೆಯುತ್ತಾರೆ. ಕಿಟಕಿಯಾಚೆಯ ಕಂಬದ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಮುಚ್ಚುತ್ತಾರೆ. ಪ್ರಿಂಟರು ಶುರುವಾಗುತ್ತದೆ. ಇಪ್ಪತ್ತೊಂಬತ್ತು ಹೆಸರು, ಒಂದು ಗೆರೆ, ಗೆರೆಯ ಕೆಳಗೆ ಇನ್ನು ಹತ್ತು ಹೆಸರು. ಪುಟ್ಟಕ್ಕ ಗೆರೆಯ ಕೆಳಗೆ ನಾಲ್ಕನೆಯವಳು.

ಗೆರೆಯ ಕೆಳಗಿನ ಹತ್ತು ಯಾಕೆಂದರೆ, ಹೆಸರನ್ನು ಮೂರು ಸಲ ಕೂಗಬೇಕು, ಓ ಎನ್ನದಿದ್ದರೆ ಗೈರು ಎಂದು ಬರೆದು ಕೆಳಗಿನವರನ್ನು ಕರೆಯಬೇಕು ಎಂಬುದು ಜಾಬರನ ಕಾಲಕ್ಕಿಂತ ಹಿಂದಿನ ಪದ್ಧತಿ. ಓ ಎನ್ನದವರು ಅವತ್ತಿನ ಕೂಲಿಯನ್ನೂ ಸರದಿಯನ್ನೂ ಕಳೆದುಕೊಳ್ಳುತ್ತಾರೆ. ಆದ್ದರಿಂದ ಓ ಎನ್ನದವರು ವಾರಕ್ಕೊಬ್ಬರು ಸಿಕ್ಕರೆ ಹೆಚ್ಚು.

ಬಡೇಸಾಬರು ಗೇಟಿನ ಕಟ್ಟೆ ಹತ್ತಿ ಕೂಗುತ್ತಾರೆ. ಒಂದು, ಎರಡು, ಮೂರು, ನಾಲ್ಕು, ಐದು. ಐದೂ ಜನ ಒಳಗೆ. ಆರನೆಯದು ಮೌಲಾ ಸಾಬ್. ಯಾರೂ ಓ ಎನ್ನುವುದಿಲ್ಲ. ಎರಡನೆಯ ಸಲ ಕೂಗುತ್ತಾರೆ. ರಸ್ತೆಯಾಚೆ, ಮೂವತ್ತು ಹೆಜ್ಜೆ ದೂರದ ಟೀ ಅಂಗಡಿಯ ಬೆಂಚಿನಲ್ಲಿ, ಗೇಟಿಗೆ ಬೆನ್ನು ತಿರುಗಿಸಿ ಮೌಲಾ ಸಾಬ್ ಕೂತಿರುವುದು ಮಂಜಿನಲ್ಲೂ ಕಾಣುತ್ತಿದೆ. ಪಕ್ಕದಲ್ಲಿ ಇನ್ನೂ ಮೂರು ಬೆನ್ನುಗಳು. ಮೂರನೆಯ ಕೂಗು ಹರಿಹರಕ್ಕೆ ಕೇಳಿಸುವಷ್ಟು ಜೋರಾಗಿದೆ. ಟೀ ಅಂಗಡಿಗೆ ಕೇಳಿಸುವುದಿಲ್ಲ.

ಹನ್ನೊಂದನೆಯವನು, ಹತ್ತೊಂಬತ್ತನೆಯವನು, ಇಪ್ಪತ್ನಾಲ್ಕನೆಯ ರೇವಣ್ಣ. ಮೂರು ಮೂರು ಸಲ. ಬಡೇಸಾಬರ ಪೆನ್ನು ನಾಲ್ಕು ಸಲ ಗೈರು ಎಂದು ಬರೆಯುತ್ತದೆ. ಇದರಲ್ಲಿ ಇಬ್ಬರದು ಇನ್ನೂರ ನಲವತ್ತು ಆಗಲೇ ದಾಟಿದೆ, ಮೌಲಾ ಸಾಬರದು ಈ ವರ್ಷ ಹೇಗೂ ತುಂಬುವುದಿಲ್ಲ. ರೇವಣ್ಣ ಮಾತ್ರ ಆ ಹದಿಮೂರನೆಯ ತಾರೀಕು ಡಬ್ಬಿಯಿಲ್ಲದೆ ಒಳಗೆ ಹೋದ ಹನ್ನೆರಡು ಜನರಲ್ಲಿ ಒಬ್ಬ. ಯಾಕೆ ಹೋಗಲಿಲ್ಲವೆಂದು ಆಮೇಲೆ ಕೇಳಿದರೆ, ಟೀ ಬಿಸಿಯಾಗಿತ್ತು ಎಂದ.

ಗೆರೆಯ ಕೆಳಗಿನ ಒಂದು, ಎರಡು, ಮೂರು. ನಾಲ್ಕನೆಯ ಹೆಸರು ಕೂಗುವಾಗ ಬಡೇಸಾಬರು ಕಾಗದದಿಂದ ತಲೆಯೆತ್ತುವುದಿಲ್ಲ. ಒಂದೇ ಕೂಗಿಗೆ ಪುಟ್ಟಕ್ಕ ಗೇಟು ದಾಟುತ್ತಾಳೆ. ದಾಟುವಾಗ ಕಟ್ಟೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಾಳೆ.

"ಕೂಡ್ರಿ ಸಾಬ್ರೇ ಇನ್ನ," ಎನ್ನುತ್ತಾಳೆ. "ಬೆಳಗಿನಿಂದ ನಿಂತೀರಿ."

ಏಳರ ಕೂಗಾಗುತ್ತದೆ. ಒಳಗೆ ಬಂದ ಬಡೇಸಾಬರು ಕೂರುವುದಿಲ್ಲ. ಪಟ್ಟಿಯನ್ನು ಮೇಜಿನ ಮೇಲೆ ಹರಡಿ ನಾಲ್ಕು ಗೈರುಗಳನ್ನು ನೋಡುತ್ತಾರೆ. ಇವನ್ನು ಯಂತ್ರಕ್ಕೆ ಹೊಡೆದರೆ ಆ ನಾಲ್ವರೂ ಸಾಲಿನ ಕೊನೆಗೆ ಹೋಗುತ್ತಾರೆ. ಹೊಡೆಯುತ್ತಾರೆ, ಬಿಡುವ ಹಾಗಿಲ್ಲ.

ಹೊಸ ವರ್ಷಕ್ಕೆ ಏನಾದರೂ ಆಸೆಯಿದೆಯೇ ಎಂದರೆ, ಇದೆ. ಐದನೆಯ ಬಾಲವೊಂದನ್ನು ಬರೆಯಬೇಕು. ಯಾರದೇ ದಿನ ಇನ್ನೂರ ನಲವತ್ತು ಮುಟ್ಟಿದರೆ, ಅವತ್ತು ಹಾಜರಿ ಮುಚ್ಚಿದ ಕೂಡಲೇ ಕಾಯಂ ಮಾಡುವ ಕಾಗದ ತಾನೇ ಹೊರಗೆ ಬರಬೇಕು. ಅರ್ಜಿ ಕೊಡುವುದು, ಕಾಯುವುದು, ನಾಳೆ ಬಾ ಎನ್ನಿಸಿಕೊಳ್ಳುವುದು ಇರಬಾರದು. ಮೊದಲ ಕಾಗದ ಯಾರದೆಂದು ಅವರು ಹೇಳುವುದಿಲ್ಲ. ಒಂಬತ್ತು ಸಾಲು ಆಗಲೇ ಬರೆದಿದ್ದಾರೆ.

"ಕಾಗದ ಬರ್ತೈತೆ ರಿ, ಅದೇನು ದೊಡ್ಡದಲ್ಲ," ಎಂದು ಮತ್ತೆ ಕಿಟಕಿಯ ಕಡೆ ಹೊರಡುತ್ತಾರೆ. "ಕೆಳಗೆ ಸಾಹೇಬ್ರ ಸಹಿ ಬೇಕಲ್ಲ. ಅದು ತಾನೇ ಬರೋ ಹಂಗೆ ಮಾಡೋದು ಹೆಂಗೆ ಅಂತ ಪುಸ್ತಕದಾಗ ಎಲ್ಲೂ ಇಲ್ಲ. ಎರಡು ಸಲ ಓದೀನಿ."